ಚರ್ಮದ ತೇವ ಮತ್ತು ಅದರ ರಕ್ಷಣೆ

ಮಾರ್ಗಶಿರ ಮಾಸದ ಒಣಗಾಳಿ ಬೀಸತೊಡಗಿತೆಂದರೆ ಬಯಲುಸೀಮೆಯ ಜನರ ತುಟಿಗಳು ಬಿರಿಯುತ್ತವೆ. ಮೊಣಕಾಲಿನ ಕೆಳಗಿನ ಚರ್ಮ ಬೂದಿ ಬಳಿದಂತೆ ಬೆಳ್ಳಗಾಗಿ, ಉಗುರಿನಿಂದ ಗೀರಿದರೆ ಬಿಳಿಯ ಗೆರೆ ಮೂಡುತ್ತದೆ. ಹಿಮ್ಮಡಿಗಳು ಒಡೆದು ನಡೆಯುವುದೇ ಕಷ್ಟವಾಗುತ್ತದೆ. ಅದೇ ತಿಂಗಳುಗಳಲ್ಲಿ ಕರಾವಳಿಯವರಿಗೆ ಈ ಬಾಧೆ ಅಷ್ಟಾಗಿ ಇರುವುದಿಲ್ಲ. ಎರಡು ಕಡೆಯ ಜನರ ಚರ್ಮದ ರಚನೆಯೂ ಒಂದೇ. ಅವರನ್ನು ಸುತ್ತಿರುವ ವಾಯುವಿನ ತೇವ ಮಾತ್ರ ಬೇರೆ.

ಈ ಬಾಧೆಗೆ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಸಲಹೆಗಳು ದೊರೆಯುತ್ತವೆ. ‘ಚರ್ಮ ಒಣಗಿದೆ, ಎಣ್ಣೆ ಹಚ್ಚಿರಿ’ ಎಂಬುದು ಹಿರಿಯರ ಮಾತು. ‘ದೇಹಕ್ಕೆ ನೀರು ಸಾಲದು, ಹೆಚ್ಚಾಗಿ ಕುಡಿಯಿರಿ’ ಎಂಬುದು ಈಚಿನವರ ಮಾತು. ಎರಡರಲ್ಲಿಯೂ ಸತ್ಯದ ಅಂಶವಿದೆ. ಆದರೆ ಯಾವುದೂ ಪೂರ್ಣ ಸತ್ಯವಲ್ಲ. ಚರ್ಮವನ್ನು ಮೃದುವಾಗಿಡುವುದು ನೀರು. ಆ ನೀರು ಆರಿಹೋಗದಂತೆ ತಡೆಯುವುದು ಜಿಡ್ಡು. ಒಂದರ ಕೆಲಸವನ್ನು ಮತ್ತೊಂದು ಮಾಡಲಾರದು. ಈ ಎರಡರ ಸಂಬಂಧವನ್ನೂ, ಅವುಗಳನ್ನು ಬಳಸಬೇಕಾದ ಕ್ರಮವನ್ನೂ ವಿವರಿಸುವುದು ಈ ಲೇಖನದ ಉದ್ದೇಶ. ವಿಷಯವು ಕೇವಲ ಅಂದಚಂದಕ್ಕೆ ಸೇರಿದ್ದೆಂದು ವಾಚಕರು ಭಾವಿಸಬಾರದು. ಪಾದದ ಸ್ಪರ್ಶಜ್ಞಾನವನ್ನು ಕಳೆದುಕೊಂಡವರ ಪಾಲಿಗೆ ಇದು ಕಾಲು ಉಳಿಯುವುದೋ ಹೋಗುವುದೋ ಎಂಬ ಪ್ರಶ್ನೆ.

೧. ಚರ್ಮದ ರಚನೆ

ವಯಸ್ಕ ಮನುಷ್ಯನ ಚರ್ಮದ ವಿಸ್ತೀರ್ಣ ಸುಮಾರು ಒಂದೂವರೆಯಿಂದ ಎರಡು ಚದರ ಮೀಟರು. ಇದರಲ್ಲಿ ಒಳಚರ್ಮ, ಹೊರಚರ್ಮ ಎಂದು ಎರಡು ಭಾಗಗಳಿವೆ. ರಕ್ತನಾಳಗಳು, ನರಗಳು, ಬೆವರಿನ ಗ್ರಂಥಿಗಳು, ಕೂದಲಿನ ಬುಡಗಳು ಇವೆಲ್ಲ ಇರುವುದು ಒಳಚರ್ಮದಲ್ಲಿ. ಹೊರಚರ್ಮದಲ್ಲಿ ರಕ್ತನಾಳಗಳಿಲ್ಲ. ಅದರ ತಳದಲ್ಲಿ ಜೀವಕೋಶಗಳು ಸತತವಾಗಿ ಹುಟ್ಟುತ್ತವೆ. ಹೊಸವು ಹುಟ್ಟಿದಂತೆ ಹಳೆಯವು ಮೇಲಕ್ಕೆ ತಳ್ಳಲ್ಪಡುತ್ತವೆ. ಮೇಲೇರುತ್ತ ಏರುತ್ತ ಅವು ಚಪ್ಪಟೆಯಾಗುತ್ತವೆ, ತಮ್ಮ ಕೇಂದ್ರಬೀಜವನ್ನು ಕಳೆದುಕೊಳ್ಳುತ್ತವೆ, ಕೆರಾಟಿನ್ ಎಂಬ ಪ್ರೋಟೀನಿನಿಂದ ತುಂಬಿ ಕಡೆಗೆ ಸಾಯುತ್ತವೆ. ಉಗುರು, ಕೂದಲು, ದನದ ಕೊಂಬು ಇವು ಆಗಿರುವುದೂ ಇದೇ ಕೆರಾಟಿನ್ನಿನಿಂದ. ಆದುದರಿಂದ ಈ ಸತ್ತ ಕೋಶಗಳ ಪದರಕ್ಕೆ ಶೃಂಗಸ್ತರವೆಂದು ಹೆಸರು. ತಳದಲ್ಲಿ ಹುಟ್ಟಿದ ಕೋಶವು ಮೇಲೆ ಬಂದು ಹೊಟ್ಟಿನಂತೆ ಉದುರುವುದಕ್ಕೆ ಸುಮಾರು ನಾಲ್ಕು ವಾರಗಳು ಹಿಡಿಯುತ್ತವೆ.

ತೋಳು, ಹೊಟ್ಟೆ ಮೊದಲಾದ ಕಡೆಗಳಲ್ಲಿ ಶೃಂಗಸ್ತರವು ಹದಿನೈದು ಇಪ್ಪತ್ತು ಕೋಶಗಳಷ್ಟು ಮಾತ್ರ ದಪ್ಪ. ಎಂದರೆ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು. ನಾವು ಬರೆಯುವ ಕಾಗದದ ಹಾಳೆ ಇದಕ್ಕಿಂತ ಹಲವು ಪಟ್ಟು ದಪ್ಪವಾದುದು. ಅಂಗೈ ಅಂಗಾಲುಗಳಲ್ಲಿ ಮಾತ್ರ ಇದು ಬಹಳ ದಪ್ಪನಾಗಿರುತ್ತದೆ. ಸತ್ತ ಕೋಶಗಳ ಈ ತೆಳು ಪೊರೆಯನ್ನು ಶಾಸ್ತ್ರಜ್ಞರೂ ಬಹುಕಾಲ ಉಪಯೋಗವಿಲ್ಲದ ಹೊಟ್ಟೆಂದೇ ಎಣಿಸಿದ್ದರು. ಆದರೆ ದೇಹದ ನೀರನ್ನು ದೇಹದೊಳಗೆ ನಿಲ್ಲಿಸುವ ಗೋಡೆ ಇದೇ. ಹೊರಚರ್ಮದ ಜೀವಂತ ಪದರಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು ನೀರಿದ್ದರೆ, ಶೃಂಗಸ್ತರದ ಮೇಲ್ಭಾಗದಲ್ಲಿ ಇರುವುದು ಅದರ ಅರ್ಧಕ್ಕೂ ಕಡಿಮೆ. ಒದ್ದೆಯಾದ ಒಳಗಿನಿಂದ ಒಣಗಿದ ಹೊರಗಿಗೆ ನೀರು ಸದಾ ಆವಿಯಾಗಿ ಸೋರುತ್ತಲೇ ಇರುತ್ತದೆ. ಬೆವರಿನ ಲೆಕ್ಕ ಬಿಟ್ಟು, ಹೀಗೆ ನಮಗೆ ಅರಿವಿಲ್ಲದೆ ಚರ್ಮದ ಮೂಲಕ ಹೋಗುವ ನೀರು ದಿನಕ್ಕೆ ಸುಮಾರು ೩೦೦ರಿಂದ ೪೦೦ ಮಿಲಿಲೀಟರು. ಅಂಟುಪಟ್ಟಿಯನ್ನು ಚರ್ಮಕ್ಕೆ ಮತ್ತೆ ಮತ್ತೆ ಅಂಟಿಸಿ ಕಿತ್ತು ಶೃಂಗಸ್ತರವನ್ನು ತೆಗೆದುಬಿಟ್ಟರೆ ಆ ಜಾಗದಲ್ಲಿ ಸೋರಿಕೆ ಹಲವು ಪಟ್ಟು ಹೆಚ್ಚುತ್ತದೆ. ಗೋಡೆಯ ಬೆಲೆ ತಿಳಿಯುವುದು ಅದು ಬಿದ್ದ ಮೇಲೆ.

೨. ನೀರೋ ಎಣ್ಣೆಯೋ?

ಚರ್ಮ ಒರಟಾದಾಗ ಅದಕ್ಕೆ ಎಣ್ಣೆ ಸಾಲದೆಂದು ತಿಳಿಯುವುದು ಸಹಜ. ಒಣಗಿದ ಚಪ್ಪಲಿಗೆ ಎಣ್ಣೆ ಹಚ್ಚಿದರೆ ಅದು ಮೆತ್ತಗಾಗುವುದನ್ನು ಎಲ್ಲರೂ ಬಲ್ಲರು. ಆದರೆ ಚಪ್ಪಲಿಯ ತೊಗಲು ಹದಮಾಡಿದ ಒಳಚರ್ಮ. ಅದರ ದ್ರವ್ಯ ಬೇರೆ, ಶೃಂಗಸ್ತರದ ದ್ರವ್ಯ ಬೇರೆ. ಒಂದರ ನಡವಳಿಕೆಯನ್ನು ಮತ್ತೊಂದಕ್ಕೆ ಆರೋಪಿಸಲಾಗದು.

ಈ ಪ್ರಶ್ನೆಯನ್ನು ಪ್ರಯೋಗದಿಂದ ಬಗೆಹರಿಸಿದವರು ಅಮೆರಿಕದ ಬಾಸ್ಟನ್ ನಗರದ ಇರ್ವಿನ್ ಬ್ಲ್ಯಾಂಕ್. ೧೯೫೨ರಲ್ಲಿ ಅವರು ಪ್ರಕಟಿಸಿದ ಲೇಖನವು ಇಂದಿಗೂ ಈ ಶಾಸ್ತ್ರದ ಅಡಿಗಲ್ಲು. ಅಂಗಾಲಿನಿಂದ ತೆಗೆದ ಜಡ್ಡಿನ ಚೂರುಗಳನ್ನು ಒಣಗಿಸಿ, ಪೆಳುಸಾದ ಆ ಚೂರುಗಳನ್ನು ಅವರು ಬೇರೆ ಬೇರೆ ಜಿಡ್ಡುಗಳಲ್ಲಿ ಮುಳುಗಿಸಿಟ್ಟರು. ಎಣ್ಣೆಯಲ್ಲಿ ಎಷ್ಟು ನೆನೆದರೂ ಅವು ಮೆತ್ತಗಾಗಲಿಲ್ಲ, ಬಾಗಿಸಿದರೆ ಮುರಿದವು. ನೀರನ್ನು ಹೀರಿದೊಡನೆ ಮಾತ್ರ ಮೃದುವಾಗಿ ಬಾಗಿದವು. ಶೃಂಗಸ್ತರದಲ್ಲಿ ನೀರಿನ ಪ್ರಮಾಣ ಸುಮಾರು ನೂರಕ್ಕೆ ಹತ್ತಕ್ಕಿಂತ ಕೆಳಗಿಳಿದರೆ ಅದು ಪೆಳುಸಾಗುವುದೆಂಬ ಮಾತಿಗೂ ಈ ಬಗೆಯ ಅಳತೆಗಳೇ ಆಧಾರ.

ಪ್ರಯೋಗಶಾಲೆಯ ಸಲಕರಣೆಯಿಲ್ಲದೆಯೂ ವಿದ್ಯಾರ್ಥಿಗಳು ಇದನ್ನು ಪರೀಕ್ಷಿಸಬಹುದು. ಕತ್ತರಿಸಿದ ಉಗುರಿನ ಚೂರುಗಳನ್ನು ಕೆಲವು ದಿನ ಒಣಗಲು ಬಿಟ್ಟು, ಕೆಲವನ್ನು ಎಣ್ಣೆಯ ಬಟ್ಟಲಲ್ಲಿಯೂ ಕೆಲವನ್ನು ನೀರಿನ ಬಟ್ಟಲಲ್ಲಿಯೂ ಒಂದು ರಾತ್ರಿ ಇಟ್ಟು ಬಾಗಿಸಿ ನೋಡಲಿ. ಸ್ನಾನವಾದ ಮೇಲೆ ಉಗುರು ಕತ್ತರಿಸುವುದು ಸುಲಭವೆಂಬ ಮನೆಯವರ ಅನುಭವಕ್ಕೂ ಇದೇ ಕಾರಣ.

ಹಾಗಾದರೆ ಎಣ್ಣೆ ಹಚ್ಚಿದಾಗ ಚರ್ಮ ಮೃದುವಾಗುವುದು ಸುಳ್ಳೇ? ಸುಳ್ಳಲ್ಲ. ಚರ್ಮದ ಮೇಲಿನ ಜಿಡ್ಡಿನ ಪೊರೆ ಒಳಗಿನಿಂದ ಬರುವ ಆವಿಗೆ ಅಡ್ಡ ನಿಲ್ಲುತ್ತದೆ. ಆ ನೀರು ಶೃಂಗಸ್ತರದಲ್ಲಿ ಕೂಡಿಕೊಳ್ಳುತ್ತದೆ. ಅದರಿಂದ ಚರ್ಮ ಮೆತ್ತಗಾಗುತ್ತದೆ. ಎಣ್ಣೆ ಮುಚ್ಚಳ, ನೀರೇ ಒಳಗಿನ ಸರಕು. ಪಾತ್ರೆ ಬರಿದಾಗಿರುವಾಗ ಮುಚ್ಚಿದರೆ ಫಲ ನಿಧಾನ. ತುಂಬಿರುವಾಗ ಮುಚ್ಚಿದರೆ ಫಲ ಕೂಡಲೆ.

೩. ಇಟ್ಟಿಗೆ ಮತ್ತು ಗಾರೆ

ಶೃಂಗಸ್ತರವು ನೀರನ್ನು ಹೇಗೆ ತಡೆಯುತ್ತದೆಂಬುದು ಸ್ಪಷ್ಟವಾದದ್ದು ಮುಂದಿನ ದಶಕಗಳಲ್ಲಿ. ೧೯೭೦ರ ಮತ್ತು ೧೯೮೦ರ ದಶಕಗಳಲ್ಲಿ ಪೀಟರ್ ಇಲಾಯಸ್ ಮೊದಲಾದವರ ಸಂಶೋಧನೆಯಿಂದ ಇಟ್ಟಿಗೆ ಗೋಡೆಯ ಹೋಲಿಕೆ ನೆಲೆಗೊಂಡಿತು. ಕೆರಾಟಿನ್ ತುಂಬಿದ ಚಪ್ಪಟೆ ಕೋಶಗಳು ಇಟ್ಟಿಗೆಗಳು. ಅವುಗಳ ನಡುವೆ ಪದರ ಪದರವಾಗಿ ತುಂಬಿರುವ ಜಿಡ್ಡು ಗಾರೆ. ಮುಖದ ಮೇಲೆ ಹೊಳೆಯುವ ಜಿಡ್ಡು ಇದಲ್ಲ. ಅದು ಕೂದಲ ಬುಡದ ಗ್ರಂಥಿಗಳಿಂದ ಬರುವಂಥದು. ಗಾರೆಯನ್ನು ಹೊರಚರ್ಮದ ಕೋಶಗಳೇ ತಯಾರಿಸುತ್ತವೆ. ಇದರ ತೂಕದಲ್ಲಿ ಸುಮಾರು ಅರ್ಧದಷ್ಟು ಸಿರಮೈಡ್ ಎಂಬ ವಸ್ತು. ಉಳಿದುದು ಮುಖ್ಯವಾಗಿ ಕೊಲೆಸ್ಟೆರಾಲ್ ಮತ್ತು ಕೊಬ್ಬಿನ ಆಮ್ಲಗಳು. ಈ ಗಾರೆ ಗಟ್ಟಿಯಾಗಿರುವವರೆಗೆ ಒಳಗಿನ ನೀರು ಹೊರಗೆ ಹೋಗುವುದೂ ಹೊರಗಿನ ವಿಷಪದಾರ್ಥಗಳು ಒಳಗೆ ಬರುವುದೂ ಮಿತವಾಗಿರುತ್ತದೆ.

ಇಟ್ಟಿಗೆಗಳ ಒಳಗೂ ನೀರನ್ನು ಹಿಡಿಯುವ ಏರ್ಪಾಡಿದೆ. ಉಪ್ಪು ಮಳೆಗಾಲದಲ್ಲಿ ವಾಯುವಿನಿಂದ ತೇವವನ್ನು ಎಳೆದುಕೊಂಡು ಒದ್ದೆಯಾಗುವುದಷ್ಟೆ. ಅದರಂತೆಯೇ ನೀರನ್ನು ಎಳೆದು ಹಿಡಿಯುವ ಅಮೈನೋ ಆಮ್ಲಗಳು, ಲ್ಯಾಕ್ಟಿಕ್ ಆಮ್ಲದ ಲವಣಗಳು, ಯೂರಿಯ ಮುಂತಾದವು ಶೃಂಗಸ್ತರದ ಕೋಶಗಳಲ್ಲಿವೆ. ಈ ಅಮೈನೋ ಆಮ್ಲಗಳ ಪೈಕಿ ಹೆಚ್ಚಿನವು ಫಿಲಾಗ್ರಿನ್ ಎಂಬ ಪ್ರೋಟೀನು ಒಡೆದು ಬಂದವು. ೨೦೦೬ರಲ್ಲಿ ಸ್ಕಾಟ್‌ಲೆಂಡಿನ ಡಂಡೀ ನಗರದ ಸಂಶೋಧಕರು ಮತ್ತು ಅವರ ಸಹಯೋಗಿಗಳು ಈ ಪ್ರೋಟೀನಿನ ಜೀನ್‌ನಲ್ಲಿರುವ ದೋಷಗಳು ಮೀನಿನ ಹುರುಪೆಯಂತೆ ಚರ್ಮ ಒಣಗುವ ಒಂದು ವಂಶಪಾರಂಪರ್ಯದ ರೋಗಕ್ಕೆ ಕಾರಣವೆಂದೂ, ಮಕ್ಕಳಲ್ಲಿ ಕಾಣುವ ಒಂದು ಬಗೆಯ ಇಸಬಿಗೆ ದಾರಿಮಾಡಿಕೊಡುತ್ತವೆಂದೂ ತೋರಿಸಿಕೊಟ್ಟರು. ಅಲ್ಲಿಯವರೆಗೆ ಇಸಬನ್ನು ಮುಖ್ಯವಾಗಿ ರಕ್ತದೊಳಗಿನ ರಕ್ಷಣಾವ್ಯವಸ್ಥೆಯ ಕೆಡುಕೆಂದು ಎಣಿಸುತ್ತಿದ್ದರು. ಗೋಡೆಯಲ್ಲಿಯೇ ಬಿರುಕಿದ್ದರೆ ಒಳಗಿನವರು ಕೆರಳುವುದು ಸಹಜವೆಂಬ ಮತವು ಈಗ ಬಲವಾಗಿದೆ. ಇಂಥ ಮಕ್ಕಳ ಚಿಕಿತ್ಸೆಯಲ್ಲಿ ಚರ್ಮದ ತೇವವನ್ನು ಕಾಯುವುದೇ ಮೊದಲ ಹೆಜ್ಜೆ.

೪. ತೇವವನ್ನು ಕೆಡಿಸುವ ಕಾರಣಗಳು

ಮೊದಲನೆಯದು ಒಣ ಹವೆ. ಇದನ್ನು ಆಗಲೇ ಹೇಳಿದೆ. ಕೋಣೆಯನ್ನು ತಂಪುಮಾಡುವ ಯಂತ್ರವೂ ವಾಯುವಿನ ತೇವವನ್ನು ತೆಗೆಯುವುದರಿಂದ ಬೇಸಗೆಯಲ್ಲಿಯೂ ಅದೇ ಪರಿಣಾಮವನ್ನು ಮಾಡಬಲ್ಲುದು. ಎರಡನೆಯದು ವಯಸ್ಸು. ವೃದ್ಧಾಪ್ಯದಲ್ಲಿ ಗಾರೆಯ ತಯಾರಿಕೆ ಕುಗ್ಗುತ್ತದೆ. ಮುದುಕರ ಕಾಲುಗಳಲ್ಲಿ ರಾತ್ರಿಯ ಹೊತ್ತು ಕಾಣುವ ತುರಿಕೆಗೆ ಬಹಳ ವೇಳೆ ಒಣಚರ್ಮವೇ ಕಾರಣ.

ಮೂರನೆಯದು ಸಾಬೂನು. ಕೊಳೆಯ ಜಿಡ್ಡನ್ನೂ ಗೋಡೆಯ ಗಾರೆಯನ್ನೂ ಸಾಬೂನು ಬೇರೆ ಬೇರೆಯಾಗಿ ಗುರುತಿಸಲಾರದು, ಎರಡನ್ನೂ ಕರಗಿಸುತ್ತದೆ. ಅಲ್ಲದೆ ಆರೋಗ್ಯವಾದ ಚರ್ಮದ ಮೇಲ್ಮೈ ಆಮ್ಲಗುಣವುಳ್ಳದ್ದು. ಅದರ ಪಿಎಚ್ ಅಂಕ ಐದರ ಆಸುಪಾಸಿನಲ್ಲಿರುತ್ತದೆ. ಜರ್ಮನಿಯ ಶಾಡೆ ಮತ್ತು ಮಾರ್ಕಿಯೊನೀನಿ ಇದನ್ನು ೧೯೨೮ರಲ್ಲಿಯೇ ‘ಆಮ್ಲದ ಹೊದಿಕೆ’ಯೆಂದು ಕರೆದರು. ಸಾಮಾನ್ಯ ಸಾಬೂನಿನ ಅಂಕವಾದರೋ ಒಂಬತ್ತರಿಂದ ಹತ್ತು. ಗಾರೆಯನ್ನು ಸಿದ್ಧಪಡಿಸುವ ಕಿಣ್ವಗಳು ಆಮ್ಲದ ವಾತಾವರಣದಲ್ಲಿ ಚೆನ್ನಾಗಿ ಕೆಲಸಮಾಡುವುದರಿಂದ, ಪದೇ ಪದೇ ಕ್ಷಾರವನ್ನು ಉಜ್ಜಿದರೆ ಗೋಡೆ ಕೆಡುವುದಲ್ಲದೆ ದುರಸ್ತಿಯೂ ತಡವಾಗುತ್ತದೆ.

ನಾಲ್ಕನೆಯ ಕಾರಣ ಸ್ವತಃ ನೀರೇ ಎಂದರೆ ವಾಚಕರಿಗೆ ವಿರೋಧವೆನಿಸಬಹುದು. ಪಾತ್ರೆ ತೊಳೆಯುವವರು, ಬಟ್ಟೆ ಒಗೆಯುವವರು, ಆಸ್ಪತ್ರೆಯ ದಾದಿಯರು ಇವರ ಕೈಗಳು ದಿನವೆಲ್ಲ ನೀರಿನಲ್ಲಿದ್ದರೂ ಒಣಗಿ ಬಿರಿದಿರುತ್ತವೆ. ನೀರು ಶೃಂಗಸ್ತರವನ್ನು ನೆನೆಸುವಾಗಲೇ ತೇವವನ್ನು ಹಿಡಿಯುವ ಲವಣಾಮ್ಲಗಳನ್ನು ಕರಗಿಸಿ ಹೊರತೆಗೆಯುತ್ತದೆ. ಕೈ ಆರಿದಾಗ ಬಂದ ನೀರೂ ಹೋಗುತ್ತದೆ, ಅದನ್ನು ಹಿಡಿಯಬೇಕಾದುದೂ ಹೋಗಿರುತ್ತದೆ. ನೀರು ಬಿಸಿಯಾಗಿದ್ದಷ್ಟೂ, ಅದರೊಡನೆ ಸಾಬೂನು ಕೂಡಿದಷ್ಟೂ ಈ ನಷ್ಟ ಹೆಚ್ಚು. ಆದುದರಿಂದ ನೀರು ಉಪಕಾರಿಯಾಗುವುದು ಅದು ಆರುವ ಮೊದಲು ಜಿಡ್ಡಿನಿಂದ ಮುಚ್ಚಲ್ಪಟ್ಟಾಗ ಮಾತ್ರ.

ಈ ದೃಷ್ಟಿಯಿಂದ ನಮ್ಮ ಎಣ್ಣೆನೀರಿನ ಪದ್ಧತಿಯನ್ನು ವಿಮರ್ಶಿಸಬಹುದು. ಅಭ್ಯಂಜನದಲ್ಲಿ ಎಣ್ಣೆ ಮೊದಲು, ನೀರು ಆಮೇಲೆ. ಮೊದಲು ಹಚ್ಚಿದ ಎಣ್ಣೆ ಬಿಸಿನೀರಿಗೂ ಗಾರೆಗೂ ನಡುವೆ ತೆರೆಯಾಗಿ ನಿಲ್ಲುತ್ತದೆ. ಸೀಗೇಪುಡಿ ಕಡಲೆಹಿಟ್ಟುಗಳು ಹೆಚ್ಚಿನ ಎಣ್ಣೆಯನ್ನು ತೆಗೆದು ಸ್ವಲ್ಪವನ್ನು ಉಳಿಸುತ್ತವೆ. ಇದರಲ್ಲಿ ಅರ್ಥವಿದೆ. ಆದರೆ ಎಣ್ಣೆ ಹಚ್ಚಿ, ಸುಡುವ ನೀರನ್ನು ಹುಯ್ದು, ಸಾಬೂನಿನಿಂದ ಜಿಡ್ಡಿನ ಸುಳಿವೇ ಇಲ್ಲದಂತೆ ಉಜ್ಜಿಬಿಟ್ಟರೆ ಚಳಿಗಾಲದಲ್ಲಿ ಚರ್ಮಕ್ಕೆ ಉಳಿಯುವುದೇನೂ ಇಲ್ಲ. ಸ್ನಾನವಾದ ಕೆಲವೇ ನಿಮಿಷಗಳಲ್ಲಿ, ಮೈ ಪೂರ್ತಿ ಆರುವ ಮೊದಲೇ, ತೆಳುವಾಗಿ ಜಿಡ್ಡನ್ನು ಲೇಪಿಸುವುದು ಒಣಚರ್ಮದವರಿಗೆ ಹೆಚ್ಚು ಫಲಕಾರಿ.

೫. ಲೇಪನಗಳ ತಾರತಮ್ಯ

ಲೇಪನಗಳಲ್ಲಿ ಎರಡು ಮುಖ್ಯ ಬಗೆಗಳಿವೆ. ನೀರನ್ನು ಎಳೆದು ಹಿಡಿಯುವ ಗ್ಲಿಸರಿನ್, ಯೂರಿಯ ಮೊದಲಾದವು ಒಂದು. ಮುಚ್ಚಳದಂತೆ ತಡೆಯುವ ಜಿಡ್ಡುಗಳು ಇನ್ನೊಂದು. ಅಂಗಡಿಯಲ್ಲಿ ದೊರೆಯುವ ಕ್ರೀಮುಗಳೆಲ್ಲ ಬಹುಮಟ್ಟಿಗೆ ಇವುಗಳ ಮಿಶ್ರಣವೇ. ಬೆಲೆಯ ವ್ಯತ್ಯಾಸ ಸುವಾಸನೆಗೂ ಡಬ್ಬಿಯ ಅಲಂಕಾರಕ್ಕೂ ಸಂಬಂಧಿಸಿದ್ದಾಗಿರುವುದೇ ಹೆಚ್ಚು. ೧೮೭೨ರಲ್ಲಿ ಅಮೆರಿಕದ ರಾಬರ್ಟ್ ಚೀಸ್‌ಬ್ರೊ ಪೇಟೆಂಟು ಪಡೆದ ವ್ಯಾಸಲೀನು ಇಂದಿಗೂ ನೀರಿನ ಸೋರಿಕೆಯನ್ನು ತಡೆಯುವುದರಲ್ಲಿ ಎಲ್ಲಕ್ಕಿಂತ ಸಮರ್ಥವಾದುವುಗಳಲ್ಲೊಂದು, ಬೆಲೆಯೂ ಅಲ್ಪ.

ಅಡಿಗೆಯ ಎಣ್ಣೆಗಳೆಲ್ಲ ಸಮಾನವಲ್ಲ. ಸಿರಮೈಡಿನ ರಚನೆಗೆ ಲಿನೋಲಿಯಿಕ್ ಆಮ್ಲ ಬೇಕು. ಸೂರ್ಯಕಾಂತಿಯ ಎಣ್ಣೆಯಲ್ಲಿಯೂ ಉತ್ತರ ಕರ್ನಾಟಕದ ಕುಸುಬೆ ಎಣ್ಣೆಯಲ್ಲಿಯೂ ಸಾಮಾನ್ಯವಾಗಿ ಇದು ಹೇರಳ. ಓಲಿವ್ ಎಣ್ಣೆಯಲ್ಲಿ ಓಲಿಯಿಕ್ ಆಮ್ಲವೇ ಪ್ರಧಾನ. ಅದು ಗಾರೆಯ ಪದರಗಳನ್ನು ಸಡಿಲಿಸುತ್ತದೆ. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾನಿಲಯದವರು ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಓಲಿವ್ ಎಣ್ಣೆಯನ್ನು ಕೆಲವು ವಾರ ಮುಂಗೈಗೆ ಹಚ್ಚಿದವರ ಶೃಂಗಸ್ತರ ದುರ್ಬಲಗೊಂಡುದು ಕಂಡುಬಂದಿತು. ಇದಕ್ಕೆ ಪ್ರತಿಯಾಗಿ ಬಾಂಗ್ಲಾದೇಶದಲ್ಲಿ, ದಿನ ತುಂಬದೆ ಹುಟ್ಟಿದ ಶಿಶುಗಳಿಗೆ ಸೂರ್ಯಕಾಂತಿ ಎಣ್ಣೆಯನ್ನು ಕ್ರಮವಾಗಿ ಲೇಪಿಸಿದಾಗ ಆಸ್ಪತ್ರೆಯಲ್ಲಿ ತಗಲುವ ಸೋಂಕು ಶೇಕಡ ೪೧ರಷ್ಟು ಕಡಿಮೆಯಾಯಿತೆಂದು ೨೦೦೫ರಲ್ಲಿ ಡಾರ್ಮ್‌ಸ್ಟ್ಯಾಟ್ ಮತ್ತು ಅವರ ಸಂಗಡಿಗರು ವರದಿಮಾಡಿದರು. ಇಂಥ ಶಿಶುವಿನ ಶೃಂಗಸ್ತರ ಇನ್ನೂ ಪಕ್ವವಾಗಿರುವುದಿಲ್ಲ. ಅದರ ಮೂಲಕ ನೀರು ಸೋರುವಂತೆ ರೋಗಾಣುಗಳೂ ಒಳನುಗ್ಗುತ್ತವೆ. ಗೋಡೆಗೆ ಕೊಟ್ಟ ಆಸರೆ ಪ್ರಾಣಕ್ಕೂ ಆಸರೆಯಾಯಿತು.

ಕುಡಿಯುವ ನೀರಿನ ವಿಷಯವನ್ನು ಎರಡು ಮಾತಿನಲ್ಲಿ ಮುಗಿಸಬಹುದು. ವಾಂತಿಭೇದಿಗಳಿಂದ ದೇಹದ ನೀರು ವಿಪರೀತವಾಗಿ ಹೋದಾಗ ಒಳಚರ್ಮ ಸೊರಗುತ್ತದೆ. ಚಿವುಟಿ ಬಿಟ್ಟರೆ ಅದು ಕೂಡಲೆ ಮೊದಲಿನಂತಾಗುವುದಿಲ್ಲ. ಆಗ ನೀರು ಕುಡಿಸುವುದೇ ಚಿಕಿತ್ಸೆ. ಆದರೆ ಬಾಯಾರಿಕೆಗೆ ತಕ್ಕಷ್ಟು ಕುಡಿಯುವ ಆರೋಗ್ಯವಂತನು ಇನ್ನೂ ನಾಲ್ಕು ಲೋಟ ಹೆಚ್ಚಾಗಿ ಕುಡಿದರೆ, ಗೋಡೆಯ ಬಿರುಕು ಅದರಿಂದ ಮುಚ್ಚುವುದಿಲ್ಲ. ಹೆಚ್ಚಾದ ನೀರು ಮೂತ್ರವಾಗಿ ಹೋಗುತ್ತದೆ.

೬. ಸ್ಪರ್ಶವಿಲ್ಲದ ಪಾದ

ಇಷ್ಟೆಲ್ಲದರ ಮಹತ್ವ ಪೂರ್ಣವಾಗಿ ಗೋಚರವಾಗುವುದು ಅಂಗಾಲಿನಲ್ಲಿ. ಅಂಗಾಲಿನ ಶೃಂಗಸ್ತರ ದಪ್ಪ. ಅಲ್ಲಿ ಜಿಡ್ಡಿನ ಗ್ರಂಥಿಗಳು ಇಲ್ಲ. ಅದನ್ನು ಮೃದುವಾಗಿಡುವುದು ಬಹುಮಟ್ಟಿಗೆ ಬೆವರಿನ ತೇವ. ಬೆವರಿನ ಗ್ರಂಥಿಗಳಾದರೋ ನರಗಳ ಅಧೀನ. ಕುಷ್ಠರೋಗದಲ್ಲಿಯೂ ದೀರ್ಘಕಾಲದ ಮಧುಮೇಹದಲ್ಲಿಯೂ ಈ ನರಗಳು ಕೆಡುತ್ತವೆ. ಆಗ ಪಾದ ಬೆವರುವುದಿಲ್ಲ. ಒಣಗುತ್ತದೆ, ಜಡ್ಡುಗಟ್ಟುತ್ತದೆ, ಬಿರಿಯುತ್ತದೆ. ಸ್ಪರ್ಶದ ನರಗಳೂ ಕೆಟ್ಟಿರುವುದರಿಂದ ಬಿರುಕು ಆಳಕ್ಕಿಳಿದರೂ ನೋವಿಲ್ಲ. ನೋವಿರುವವನು ಕುಂಟುತ್ತಾನೆ, ಕಾಲಿಗೆ ವಿಶ್ರಾಂತಿ ಕೊಡುತ್ತಾನೆ. ನೋವಿಲ್ಲದವನು ಅದೇ ಬಿರುಕಿನ ಮೇಲೆ ಮೈಲಿಗಟ್ಟಲೆ ನಡೆಯುತ್ತಾನೆ. ಬಿರುಕಿನಲ್ಲಿ ಸೋಂಕು ಸೇರಿ, ಹುಣ್ಣಾಗಿ, ಮೂಳೆಗೆ ತಗುಲಿ, ಕಡೆಗೆ ಕಾಲನ್ನೇ ಕತ್ತರಿಸಬೇಕಾಗುತ್ತದೆ.

ಕುಷ್ಠರೋಗಿಗಳ ಬೆರಳು ಪಾದಗಳು ರೋಗದಿಂದ ತಾವಾಗಿಯೇ ಕೊಳೆತು ಬೀಳುತ್ತವೆಂಬ ನಂಬಿಕೆ ಬಹುಕಾಲ ಇದ್ದಿತು. ೧೯೪೬ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಅಲ್ಲಿಯೂ ಸಮೀಪದ ಕಾರಿಗಿರಿಯಲ್ಲಿಯೂ ನಡೆಸಿದ ಕೆಲಸದಿಂದ, ಅಂಗಗಳು ಹೋಗುವುದು ಹೆಚ್ಚಾಗಿ ನೋವಿಲ್ಲದ ಕಾರಣ ಗಮನಿಸದೆ ಬಿಟ್ಟ ಗಾಯಗಳಿಂದ ಎಂಬುದು ಸ್ಥಿರಪಟ್ಟಿತು. ಇದು ದೊಡ್ಡ ಆಶ್ವಾಸನೆ. ಕೊಳೆಯುವುದನ್ನು ತಡೆಯಲಾಗದು, ಗಾಯವನ್ನು ತಡೆಯಬಹುದು.

ತಡೆಯುವ ಉಪಾಯವಾಗಿ ಕುಷ್ಠರೋಗದ ಆಸ್ಪತ್ರೆಗಳಲ್ಲಿ ಕಲಿಸುವ ನಿತ್ಯಕ್ರಮವು ಬ್ಲ್ಯಾಂಕರ ಪ್ರಯೋಗದ ನೇರ ಅನುವಾದದಂತಿದೆ. ದಿನಕ್ಕೊಮ್ಮೆ ಪಾದಗಳನ್ನು ತಣ್ಣೀರಿನಲ್ಲಿ ಇಪ್ಪತ್ತು ಮೂವತ್ತು ನಿಮಿಷ ನೆನೆಸುವುದು. ಮೆತ್ತಗಾದ ಜಡ್ಡನ್ನು ಒರಟು ಕಲ್ಲಿನಿಂದ ಮೃದುವಾಗಿ ತಿಕ್ಕುವುದು. ತೇವವಿರುವಾಗಲೇ ಎಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚುವುದು. ಹಚ್ಚುವಾಗ ಅಂಗಾಲನ್ನು ಕಣ್ಣಿನಿಂದ ಪರೀಕ್ಷಿಸುವುದು. ಒಂದು ಬೋಗುಣಿ ನೀರು, ಒಂದು ಚಮಚ ಎಣ್ಣೆ, ಖರ್ಚು ಇಷ್ಟೆ. ೧೯೮೦ರ ದಶಕದಿಂದ ಬಳಕೆಗೆ ಬಂದ ಬಹು ಔಷಧ ಚಿಕಿತ್ಸೆ ರೋಗಾಣುಗಳನ್ನು ಕೊಲ್ಲುತ್ತದೆ. ಬಹುದಿನದಿಂದ ಸತ್ತ ನರಗಳನ್ನು ಬದುಕಿಸಲಾರದು. ರೋಗದಿಂದ ಪೂರ್ಣವಾಗಿ ಗುಣಹೊಂದಿದವರಿಗೂ ಈ ಕ್ರಮ ಜೀವಮಾನದ ವ್ರತ.

ಮಧುಮೇಹದವರಿಗೆ ತತ್ತ್ವ ಒಂದೇ ಆದರೂ ಆಚರಣೆಯಲ್ಲಿ ವ್ಯತ್ಯಾಸವಿದೆ. ಅವರು ಪಾದಗಳನ್ನು ಬಹಳ ಹೊತ್ತು ನೆನೆಸುವುದನ್ನು ವೈದ್ಯರು ಒಪ್ಪುವುದಿಲ್ಲ. ನೆನೆದು ಸಡಿಲವಾದ ಚರ್ಮದಲ್ಲಿ ಸೋಂಕು ಬೇಗ ನೆಲೆಸುತ್ತದೆ. ಉಗುರುಬೆಚ್ಚನೆಯ ನೀರಿನಲ್ಲಿ ತೊಳೆದು, ಬೆರಳ ಸಂದುಗಳನ್ನು ಚೆನ್ನಾಗಿ ಒರಸಿ, ಅಂಗಾಲಿಗೂ ಹಿಮ್ಮಡಿಗೂ ಕೂಡಲೆ ಲೇಪನ ಹಚ್ಚಬೇಕು. ಬೆರಳ ಸಂದುಗಳಿಗೆ ಹಚ್ಚಬಾರದು. ನೀರಿನ ಕಾವನ್ನು ಪಾದದಿಂದ ನೋಡದೆ ಮೊಣಕೈಯಿಂದಲೋ ಮನೆಯವರಿಂದಲೋ ಪರೀಕ್ಷಿಸಬೇಕು. ಜಡ್ಡನ್ನು ಬ್ಲೇಡಿನಿಂದ ಕೆತ್ತುವುದು ಅತ್ಯಂತ ಅಪಾಯಕರ. ದಪ್ಪನಾದ ಒಡಕುಗಳಿಗೆ ಯೂರಿಯ ಬೆರೆತ ಲೇಪನಗಳಿವೆ. ಬಿರುಕಿನಿಂದ ರಕ್ತವೋ ಕೀವೋ ಬಂದರೆ, ಸುತ್ತಲೂ ಕೆಂಪೇರಿದರೆ, ನೋವಿಲ್ಲವೆಂದು ಸುಮ್ಮನಿರದೆ ಅಂದೇ ವೈದ್ಯರಲ್ಲಿಗೆ ಹೋಗಬೇಕು. ಇಲ್ಲಿ ನೋವಿಲ್ಲದಿರುವುದೇ ಭಯಕ್ಕೆ ಕಾರಣ.

೭. ಉಪಸಂಹಾರ

ಹೇಳಿದುದರ ಸಾರಾಂಶವಿಷ್ಟು. ಚರ್ಮದ ತೇವವೆಂದರೆ ಸತ್ತ ಕೋಶಗಳ ಒಂದು ತೆಳು ಪದರವು ಹಿಡಿದಿಟ್ಟಿರುವ ನೀರು. ಆ ಪದರವನ್ನು ಸುಡುನೀರಿನಿಂದಲೂ ಅತಿಯಾದ ಸಾಬೂನಿನಿಂದಲೂ ಕೆಡಿಸಬಾರದು. ಸ್ನಾನ ಹಿತವಾದ ಬಿಸಿಯಲ್ಲಿ, ಅಲ್ಪಕಾಲ ಇರಲಿ. ಸಾಬೂನು ಬೇಕಾದ ಕಡೆಗೆ ಮಾತ್ರ ಇರಲಿ. ಮೈ ಆರುವ ಮೊದಲು ಜಿಡ್ಡಿನ ಲೇಪನವಾಗಲಿ. ಕೈಕೆಲಸದವರು ಪ್ರತಿಸಲ ಕೈ ಒರಸಿಕೊಂಡ ಮೇಲೆ ಸ್ವಲ್ಪ ಲೇಪನವನ್ನು ಬಳಸಲಿ.

ನಮ್ಮ ವಿದ್ಯಾರ್ಥಿಗಳ ಪೈಕಿ ಅನೇಕರ ಮನೆಗಳಲ್ಲಿ ಮಧುಮೇಹವುಳ್ಳ ಹಿರಿಯರಿದ್ದಾರೆ. ಬಗ್ಗಿ ತಮ್ಮ ಅಂಗಾಲನ್ನು ತಾವೇ ನೋಡಿಕೊಳ್ಳುವುದು ಆ ವಯಸ್ಸಿನವರಿಗೆ ಸುಲಭವಲ್ಲ, ಕಣ್ಣೂ ಮಂದವಾಗಿರುತ್ತದೆ. ಈ ಲೇಖನವನ್ನು ಓದಿದ ವಿದ್ಯಾರ್ಥಿಯು ಸಂಜೆ ಮನೆಯ ಹಿರಿಯರ ಪಾದಗಳನ್ನು ದೀಪದ ಬೆಳಕಿನಲ್ಲಿ ಒಮ್ಮೆ ನೋಡಿ, ಹಿಮ್ಮಡಿಗೆ ಒಂದಿಷ್ಟು ಲೇಪನ ಹಚ್ಚಿದರೆ, ಶರೀರಶಾಸ್ತ್ರದ ಒಂದು ಅಧ್ಯಾಯ ಸಾರ್ಥಕವಾದಂತೆ.